ಎರಡನೇ ಕೈ

ಉಪ್ಪುಕಾಗದ ಉಜ್ಜಿ ಉಜ್ಜಿ ಬೆರಳ ಗೆರೆ ಸವೆದು
ನಿನ್ನೆ ರೇಷನ್ ಅಂಗಡಿಯ ಯಂತ್ರ ನನ್ನನ್ನು ಒಪ್ಪಲಿಲ್ಲ.
ಹಲಗೆಗಳೋ, ತಮ್ಮ ಗೆರೆಗಳನ್ನೆಲ್ಲ
ಈಗ ಎತ್ತಿ ತೋರಿಸುತ್ತಿವೆ.

ಕಕ್ಕಬ್ಬೆಯಲ್ಲಿ ಬೊಳ್ಳಮ್ಮನವರ ಡೆಕ್ಕು.
ಅವರದೇ ತೋಟದ ಸಿಲ್ವರ್ ಓಕು,
ಮೆಣಸಿನ ಬಳ್ಳಿ ಸೊರಗಿ ಸತ್ತ ವರ್ಷ ಕಡಿಸಿದ್ದು.

ಪೇಂಟ್ ಅಲ್ಲ ಇದು, ಸ್ಟೇನು. ಮುಚ್ಚುವುದಿಲ್ಲ;
ಗಂಟಿದ್ದರೆ ಗಂಟು, ಮೊಳೆ ಕಿತ್ತಿದ್ದರೆ ತೂತು
ಇನ್ನಷ್ಟು ಕಪ್ಪಾಗಿ ಕಾಣುತ್ತದೆ.
ಎಳೆಯ ದಿಕ್ಕಿಗೇ ಬ್ರಷ್ಷು ಎಳೆದು,
ಹೆಚ್ಚಾದದ್ದನ್ನು ಹಳೇ ಬನಿಯನ್ನಿನಲ್ಲಿ ಒರೆಸಿ,
ಹಿಂದೆ ಹಿಂದೆ ಸರಿಯುತ್ತ ಮೆಟ್ಟಿಲಿಗೆ ಬರಬೇಕು.
ಕಲಿಯುವಾಗ ಒಮ್ಮೆ ಮೂಲೆಗೆ ಸಿಕ್ಕಿಕೊಂಡು
ಪೇರಲೆ ಮರಕ್ಕೆ ಹಾರಿದ್ದೆ.

ಒಣಗಲು ಎರಡು ದಿನ.
ಮಾರ್ಚ್ ತಿಂಗಳು. ಕಾಫಿ ಮೊಗ್ಗು ಬಾಯಿ ಬಿಗಿದು ಕಾದಿದೆ.
ಊರಿಗೆ ಊರೇ ಹೂಮಳೆ ಬರಲಿ ಎನ್ನುವಾಗ
ನಾನೊಬ್ಬ ಡಬ್ಬ ಹಿಡಿದು ಆಕಾಶ ನೋಡಿ
"ನಾಡಿದ್ದು" ಎಂದು ಕೇಳಿಕೊಂಡೆ,
ಮೆಲ್ಲಗೆ, ತೋಟಕ್ಕೆ ಕೇಳಿಸದಂತೆ.

ರಾತ್ರಿ ಒಂದೂವರೆಗೆ ಬಂತು.
ನಾಪೋಕ್ಲಿನಲ್ಲಿ ನನ್ನ ತಗಡಿನ ಮೇಲೂ.
ಮಲಗಿದಲ್ಲೇ ಎಣಿಸಿದೆ:
ಹಲಗೆ ಅರವತ್ತೆರಡು, ಲೀಟರು ಒಂಬತ್ತು.

ಬೆಳಿಗ್ಗೆ, ಹನಿ ಬಿದ್ದಲ್ಲೆಲ್ಲ ಬಿಳಿ ಕಲೆ.
ಬೊಳ್ಳಮ್ಮ ಬರಿಗಾಲಲ್ಲಿ ಅದರ ಮೇಲೇ ನಿಂತಿದ್ದಾರೆ,
ಅಂಗಾಲು ತೇಗದ ಬಣ್ಣ,
ಕೈಯಲ್ಲಿ ಮಳೆ ಅಳೆಯುವ ಗಾಜು:
"ಒಂದು ಇಂಚು ಇಪ್ಪತ್ತು ಸೆಂಟು, ಹಂಸಾ!"

ಎರಡನೇ ಕೈಗೆ ದುಡ್ಡು ಯಾರದು,
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಹೂವಿಗೆ ಇನ್ನು ಎಂಟು ದಿನ.
ಮರ ಒಣಗುವವರೆಗೆ
ಉಪ್ಪುಕಾಗದ ಹರಿದು ಮಡಚುತ್ತ ಕುಳಿತೆ.