ಬೀಜಕ್ಕೆ ಬಿಟ್ಟದ್ದು

ಇದೊಂದನ್ನು ಮುಟ್ಟಬೇಡಿ ಎಂದು
ತೊಟ್ಟಿಗೆ ಕೆಂಪು ರಿಬ್ಬನ್ ಕಟ್ಟಿದ್ದೆ,
ಮಗಳ ಶಾಲೆಯ ಜಡೆಯದು, ಒಗೆದು ಒಗೆದು ಬಿಳಿಚಿದ್ದು.
ಕಾಳಾಚೌಕಿಯ ಚಾಳಿನ ಮೂರನೇ ಮಾಳಿಗೆ,
ಗ್ಯಾಲರಿಯ ಕಟಕಟೆಯ ತುಂಬ ಹೀರೆ ಬಳ್ಳಿ.
ಬುಡ ಮಾತ್ರ ಬಣ್ಣದ ಡಬ್ಬಿಯಲ್ಲಿ:
ಇಪ್ಪತ್ತು ಲೀಟರಿನದು, ತಳಕ್ಕೆ ಐದು ತೂತು,
ಮೈಮೇಲೆ ಇನ್ನೂ ಓದಬಹುದು
‘ಹೊರಗೋಡೆಗೆ ಮಾತ್ರ’.

ಮೊದಲ ಕಾಯಿ ಬೀಜಕ್ಕೆ, ಉಳಿದದ್ದು ಬಾಯಿಗೆ.
ಅತ್ತೆ ಹೇಳಿದ ಮಾತಲ್ಲ ಇದು.
ಒಂದು ಮಳೆಗಾಲ ಎಲ್ಲ ತಿಂದು ಮುಗಿಸಿ
ಮುಂದಿನ ಜೂನಿನಲ್ಲಿ ದಾದರಿಗೆ ಹೋಗಿ
ಪೊಟ್ಟಣಕ್ಕೆ ಅರವತ್ತು ರೂಪಾಯಿ ತೆತ್ತು ಕಲಿತದ್ದು.
ಆ ಪೊಟ್ಟಣದ ಬಳ್ಳಿಯ ಬೀಜ ಮರುವರ್ಷ
ಹೂ ಬಿಟ್ಟಿತು, ಬಿಟ್ಟಿತು,
ಬರೀ ಹೂವನ್ನೇ ಬಿಟ್ಟಿತು.

ಇದು ಹಾಗಲ್ಲ.
ಘಾಡಿಗಾಂವಕರ ಕಾಕುವಿನ ತವರಿನದು,
ಕಣಕವಲಿಯಿಂದ ಎಸ್ಟಿ ಬಸ್ಸಿನಲ್ಲಿ
ಸೆರಗಿನ ಗಂಟಿನೊಳಗೆ ಬಂದ ಏಳು ಕಾಳು.
ಅವಳು ಶಿರಾಳಿ ಅನ್ನುತ್ತಾಳೆ, ನಾನು ಹೀರೆ;
ಎರಡಕ್ಕೂ ಬಳ್ಳಿ ತಿರುಗಿ ನೋಡುವುದಿಲ್ಲ.

ಗಣಪತಿ ನೀರಿಗೆ ಹೋದ ವಾರ
ಮೆಟ್ಟಿಲ ಗೋಡೆಗೆ ನೋಟೀಸು ಅಂಟಿತು.
ಮೂವತ್ತರೊಳಗೆ ಖೋಲಿ ಖಾಲಿ ಮಾಡತಕ್ಕದ್ದು.
ಇಪ್ಪತ್ತೆರಡು ಮಾಳಿಗೆಯ ಗೋಪುರ, ಎರಡು ಲಿಫ್ಟು,
ಮೂರು ವರ್ಷ, ಅಲ್ಲಿಯವರೆಗೆ ಬಾಡಿಗೆ ಹಣ.
ಎಲ್ಲರೂ ಕ್ಯಾಲೆಂಡರು ನೋಡಿದರು.
ನಾನು ಕಾಯಿ ನೋಡಿದೆ.
ಹಸಿರು. ಉಗುರು ಊರಿದರೆ ನೀರು.

ಹೋಗತೊಡಗಿದರು.
ಬಾವಡೇಕರರು ಬದ್ಲಾಪುರಕ್ಕೆ,
ಮೂಲೆಯ ಖೋಲಿಯ ತಮಿಳರು ಧಾರಾವಿಯ ಅಣ್ಣನ ಮನೆಗೆ,
ಕಾಕು ನಾಲಾಸೋಪಾರಕ್ಕೆ; ಹೊರಟವಳು ತಿರುಗಿ ಬಂದು
ಕಾಯಿಯ ಬೆನ್ನು ಸವರಿ, ಏನೂ ಹೇಳದೆ ಇಳಿದಳು.
ಬಟ್ಟೆ ಒಣಗದ ಗ್ಯಾಲರಿ
ಎಷ್ಟು ಉದ್ದ ಎಂದು ಆಗ ಗೊತ್ತಾಯಿತು.

ದಿನಾ ಬರುತ್ತಿದ್ದ ಬಿಲ್ಡರನ ಹುಡುಗ, ಕೈಯಲ್ಲಿ ವಹಿ.
‘ಮೌಶಿ, ಇನ್ನೇನು ಬಾಕಿ?’
ತೋರಿಸಿದೆ.
‘ಮಾರ್ಕೆಟ್ಟಿನಲ್ಲಿ ಸಿಗುತ್ತದಲ್ಲ!’
ಸಿಗುತ್ತದೆ, ಮಗಾ.
ಭಾಯಖಳೆಯಲ್ಲಿ ಲಾರಿಗಟ್ಟಲೆ ಸಿಗುತ್ತದೆ,
ಎಲ್ಲ ಎಳೆಯದು, ತಿನ್ನಲಿಕ್ಕೆ ಮಾತ್ರ.
ಒಂದನ್ನೂ ಮುದುಕಾಗಲು ಬಿಡುವುದಿಲ್ಲ ಅಲ್ಲಿ.
ಅವನು ಏನೋ ಬರೆದುಕೊಂಡ.
ಏನು ಬರೆದ ಎಂದು ಇವತ್ತಿಗೂ ತಿಳಿಯದು.

ಮೂವತ್ತು ಕಳೆಯಿತು.
ನಳ ನಿಂತಿತು; ಕೆಳಗಿನ ಇರಾನಿಯಿಂದ ಕೊಡ ಹೊತ್ತೆ,
ಅರ್ಧ ನಮಗೆ, ಒಂದು ಲೋಟ ಡಬ್ಬಿಗೆ.
ಒಣಗಬೇಕಾದ್ದಕ್ಕೆ ನೀರು ಹೊಯ್ಯಬಾರದು,
ಹೊಯ್ಯದೆ ಮನಸ್ಸು ತಡೆಯದು.
ಮಳೆಯೋ, ಹೋಗುತ್ತೇನೆ ಅಂದು ಬಾಗಿಲಲ್ಲೇ ಕೂತ ನೆಂಟ.
ಗಂಡ ರೇವಪ್ಪ ಟೆಂಪೊದವನಿಗೆ
ಮೂರು ಸಲ ನಾಳೆ ಅಂದ.
ನಾಲ್ಕನೆಯ ಸಲ ನನ್ನ ಮುಖ ನೋಡಿ
ಫೋನನ್ನೇ ಬಂದು ಮಾಡಿದ.

ಹನ್ನೊಂದರ ಬೆಳಿಗ್ಗೆ
ಗಾಳಿ ಬೀಸಿತು, ಬಂದರಿನ ಕಡೆಯಿಂದ.
ಒಲೆಯ ಮುಂದಿದ್ದ ನನಗೆ ಕೇಳಿಸಿತು,
ಗಲ್.
ಹುಟ್ಟುವ ಮುಂಚೆ ಮಗು ಒಳಗಿಂದ ಒದ್ದಂತೆ ಅನ್ನುತ್ತಾರೆ,
ಅಲ್ಲ, ಹಾಗಲ್ಲ:
ಮನೆಗೆ ಬಂದವನ ಜೇಬಿನ ಕೀಲಿಯ ಸದ್ದು.

ತುದಿಯ ಮುಚ್ಚಳ ತಾನೇ ಕಳಚಿತು.
ಪೇಪರಿನ ಮೇಲೆ ಕಪ್ಪು ಕಪ್ಪು, ತೊಂಬತ್ತಮೂರು.
ಒಲೆಯ ಬೂದಿ ಎಲ್ಲಿಯದು ಗ್ಯಾಸಿನ ಮನೆಗೆ?
ದೇವರ ಗೂಡಿನ ಊದಿನಕಡ್ಡಿಯ ಬೂದಿ ಬಳಿದು
ಕೆಮ್ಮಿನ ಔಷಧಿಯ ಬಾಟಲಿಗೆ ತುಂಬಿದೆ.
ಏಳು ಕಾಳು ಬೇರೆ ಕಟ್ಟಿದೆ, ಕಾಕುವಿನ ಸಾಲ.
ಜಾಳಿಗೆಯಾದ ಕಾಯಿಯಿಂದ
ಖೋಲಿಯ ಮೋರಿಯನ್ನು ಕೊನೆಯ ಸಲ ತಿಕ್ಕಿದೆ.
ಒಡೆಯುವ ಮನೆಯಾದರೇನು.

ಈಗ ದಿವಾದಲ್ಲಿದ್ದೇವೆ.
ಕಿಟಕಿ ತೆರೆದರೆ ಎದುರಿನವರ ಗೋಡೆ,
ಬಿಸಿಲು ಹನ್ನೊಂದಕ್ಕೆ ಬಂದು ಹನ್ನೆರಡಕ್ಕೆ ಹೋಗುತ್ತದೆ.
ಬಿಲ್ಡರನ ಮೂರು ವರ್ಷ ಅಂದರೆ ಐದು.
ಬೀಜಕ್ಕೆ ಅಷ್ಟು ಪುರುಸೊತ್ತಿಲ್ಲ.
ಬಾಡಿಗೆ ಎಷ್ಟು, ನೀರು ಯಾವಾಗ,
ಎಲ್ಲ ರೇವಪ್ಪ ಕೇಳಿದ.
ನಾನು ಕೇಳಿದ್ದು ಟೆರೇಸಿನ ಕೀಲಿ.
‘ಹಪ್ಪಳ ಒಣಗಿಸಲಿಕ್ಕಾ?’ ಅಂದ ಮಾಲೀಕ.
ಹೌದು ಅಂದೆ.
ಜೂನಿನವರೆಗೆ ಅದು ನಿಜವೇ.