ನೆಲಕ್ಕಿಳಿಸಿ ಬಿಗಿ

ಜೂನ್ ಒಂದಕ್ಕೆ ಬೈತಖೋಲದಲ್ಲಿ ದೋಣಿಗಳನ್ನು ಕಟ್ಟಿಹಾಕಿದರು.
ಅರವತ್ತೊಂದು ದಿನ ಬಲೆಗೆ ರಜೆ, ನನಗೆ ರಜೆ,
ನನ್ನ ಸುಮೋಗೆ ಮಾತ್ರ ಆಸ್ಪತ್ರೆ.

ಹತ್ತೊಂಬತ್ತು ವರ್ಷದ ಗಾಡಿ. ಮೊದಲು ಶಾಲೆಯ ಮಕ್ಕಳನ್ನು ಹೊತ್ತಿತ್ತು.
ಹಿಂದಿನ ಸೀಟು ಕಿತ್ತು ನಾನು ಐಸಿನ ಪೆಟ್ಟಿಗೆ ಇಟ್ಟೆ.
ಬಾಗಿಲ ಒಳಮೈಯಲ್ಲಿ ಯಾವನೋ ಗೀಚಿದ್ದಾನೆ:
ಏಳೆಂಟ್ಲೆ ಐವತ್ನಾಲ್ಕು.
ನಾನು ತಿದ್ದಿಲ್ಲ.

ಕೂಗು ಶುರುವಾದದ್ದು ದೀಪಾವಳಿಯ ಆಸುಪಾಸು.
ಮೊದಲು ಹಂಪಿನ ಮೇಲಷ್ಟೇ, ಕೀಂಯ್.
ಆಮೇಲೆ ತಿರುವಿನಲ್ಲಿ. ಆಮೇಲೆ ನಾನು ಹತ್ತಿ ಕೂತರೂ.
ಕೊನೆಗೆ ಕದ್ರಾ ರಸ್ತೆಯುದ್ದಕ್ಕೂ
ಯಾರೋ ತುಕ್ಕು ಹಿಡಿದ ತೊಟ್ಟಿಲು ತೂಗುತ್ತ ಬಂದ ಹಾಗೆ.

ಕೋಡಿಬಾಗದ ಕಾಯ್ತಾನ್ ಮಾಮ ಏನೂ ಕೇಳಲಿಲ್ಲ.
ಗೋಣಿ ಹಾಸಿ ಗಾಡಿಯಡಿ ಮಲಗಿದ,
ಕೈಯಲ್ಲಿ ಪಾನಾ ಇಲ್ಲ, ನೀರಿನ ಬಾಟಲಿ.
'ಬಂಪರ್ ಹಿಡಿದು ಕುಣಿಸು ಮಾರಾಯ್ತಿ.'
ಮುಂದಿನ ಆರ್ಮಿನ ಬುಷ್ಷಿಗೆ ನೀರು. ಕೀಂಯ್.
ಲಿಂಕಿಗೆ ನೀರು. ಕೀಂಯ್.
'ಹಿಂದೆ ಬಾ, ಕುಣಿಸು.'
ಎಡಗಡೆ ಪಟ್ಟಾದ ಕೊಂಡಿಗೆ ನೀರು.
ಸುಮ್ಮನಾಯಿತು.
'ಬಾಯಾರಿದವ ಸಿಕ್ಕ,' ಅಂದ ಅಡಿಯಿಂದ.

ಆಗ ಒಪ್ಪಿಕೊಂಡೆ: ಮಾರ್ಚಿನಲ್ಲಿ
ನಾನೇ ಅಲ್ಲಿಗೆ ಡೀಸೆಲ್ ಸುರಿದಿದ್ದೆ, ಮೂರು ದಿನ ಮಾತಿಲ್ಲದೆ ಇತ್ತು.
'ಅಳುವ ಮಗುವಿಗೆ ಶೆರೆ ಕುಡಿಸಿದೆ ನೀನು.
ಮೂರು ದಿನ ನಿದ್ದೆ, ಆಮೇಲೆ ರಬ್ಬರಿನ ಮೈಯೇ ಕರಗುತ್ತದೆ.
ಮತ್ತೆ ಮೇಲೆ ನೋಡು.'
ಪೆಟ್ಟಿಗೆಯಡಿ ತಗಡಿನಲ್ಲಿ ಬೆರಳು ಹೋಗುವಷ್ಟು ತೂತು.
ಇಷ್ಟು ವರ್ಷ ಐಸು ಕರಗಿದ ಉಪ್ಪುನೀರು, ಮೀನಿನ ರಕ್ತ
ಹನಿಹನಿಯಾಗಿ ಅದೇ ಕೊಂಡಿಯ ಮೇಲೆ.
ನಾನು ಎಲ್ಲರಲ್ಲೂ ಹೇಳುತ್ತಿದ್ದೆ, ಕಡಲ ಗಾಳಿ, ಕಡಲ ಗಾಳಿ.
ಪಾಪ, ಕಡಲು.

ಬೋಲ್ಟು ಎರಡು ದಿನ ಅಲುಗಲಿಲ್ಲ.
ಕಾಯಿಸಿದ, ಬಡಿದ, ಕೊಂಕಣಿಯಲ್ಲಿ ಬೈದ, ಕೊನೆಗೆ ಬ್ಲೇಡಿನಿಂದ ಕೊಯ್ದ.
ಹೊರಬಿತ್ತು ಹಳೆ ಬುಷ್,
ಮೂರು ಮಳೆಗಾಲ ಕಂಡ ಮುರುಗಲು ಸಿಪ್ಪೆಯ ಹಾಗೆ,
ಕಪ್ಪಗೆ, ಸೀಳಿ, ಹಿಡಿಯುವುದಕ್ಕೇನೂ ಉಳಿಯದೆ.
ಹೊಸವು ಹುಬ್ಬಳ್ಳಿ ಬಸ್ಸಿನಲ್ಲಿ ಪಾರ್ಸೆಲ್ ಬಂದವು.
ಸೋಪಿನ ನೀರು ಸವರಿ, ವೈಸಿಗೆ ಕೊಟ್ಟು ಒತ್ತಿದ.
ಜಾರಿ ಕೂತವು.

ಖುಷಿಗೆ ನಾನೇ ಪಾನಾ ಎತ್ತಿ ತಿರುಗಿಸಹೋದರೆ
ಕೈಮೇಲೆ ಹೊಡೆದ.
'ಗಾಡಿ ಇನ್ನೂ ಜ್ಯಾಕಿನ ಮೇಲಿದೆ.
ಗಾಳಿಯಲ್ಲಿ ತೂಗುವಾಗ ಬಿಗಿದರೆ
ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ತಿರುಚಿಕೊಂಡೇ ಬದುಕಬೇಕು.
ಮೊದಲು ಇಳಿಸು. ದಿನಾ ಹೊರುವ ಭಾರ ಇಡು.
ಆಮೇಲೆ ಬಿಗಿ.'
ಮೀನಿಲ್ಲದ ಪೆಟ್ಟಿಗೆಗಳಿಗೆ ಕಲ್ಲು ತುಂಬಿದೆವು.
ಇನ್ನೂ ಸಾಲದೆಂದು ಚಾದಂಗಡಿಯ ವಿಠೋಬನನ್ನು ಕರೆದು
ಅವುಗಳ ಮೇಲೆ ಕೂರಿಸಿದೆವು. ಲೋಟ ಹಿಡಿದೇ ಬಂದಿದ್ದ.

ಹದಿನೆಂಟಕ್ಕೆ, ಕಾಲು ನೆಲಕ್ಕೆ ತಾಗುವ ಮೊದಲೇ
ನನ್ನನ್ನು ಬಿಗಿದವರ ನೆನಪಾಯಿತು.
ಮಾಮನಿಗೆ ಹೇಳಲಿಲ್ಲ. ಪಾನಾ ಕೊಟ್ಟೆ.

ಆಗಸ್ಟಿನ ಮೊದಲ ಬಾಂಗ್ಡೆ.
ಕಡವಾಡ ದಾಟಿದೆ, ಟಯರಿನಡಿ ನೀರು ಸೀಳುವ ಸದ್ದಷ್ಟೇ.
ಕಿನ್ನರದಲ್ಲಿ ಯಾರೂ ಹೊರಬರಲಿಲ್ಲ.
ಸಿದ್ದರದಲ್ಲೂ ಇಲ್ಲ. ಹಾರ್ನ್ ಒತ್ತಿದೆ,
ಜಲ್ಲಿ ಲಾರಿ ಅಂದುಕೊಂಡರಂತೆ.
ಒಂದು ಬೆಕ್ಕು ಮಾತ್ರ ಬಂತು, ಅದು ಕಿವಿಯನ್ನು ನಂಬಿದ್ದಲ್ಲ.
ಮರುದಿನ ಬಾಯಕ್ಕ ಗುನಗಿ ತಟ್ಟೆ ಹಿಡಿದು ರಸ್ತೆಗೇ ಅಡ್ಡ ನಿಂತಳು:
'ಕಳ್ಳರ ಹಾಗೆ ಬಂದು ಹೋಗುತ್ತೀಯಲ್ಲೇ,
ನಿನ್ನೆ ನಾವು ಒಣಮೀನು ತಿಂದೆವು!'

ಇಷ್ಟು ವರ್ಷ ಗಾಡಿಯೇ ಕೂಗುತ್ತಿತ್ತು, ನಾನು ಚಿಲ್ಲರೆ ಎಣಿಸುತ್ತಿದ್ದೆ.
ಕಿಟಕಿ ಇಳಿಸಿದೆ.
ಬಾಂಗ್ಡೇ...
ಎಂದೂ ಬಳಸದ ದನಿ, ಅರ್ಧಕ್ಕೇ ಕೀಂಯ್ ಅಂದಿತು.
ಬಾಟಲಿ ತೆಗೆದು ನೀರು ಕುಡಿದೆ.
ಸುಮ್ಮನಾಗಲಿಲ್ಲ.