ಬೆಲುಮ್

ಸಾಬೇರಾ ಆಪಾ ಜೆದ್ದಾದಿಂದ ತಂದದ್ದು
ಎರಡು ರಗ್ಗು, ಒಂದು ಮಿಕ್ಸರು, ಸೊಂಟನೋವು,
ಮತ್ತೆ ನಾಕು ಥರದ ಇಲ್ಲ.

ಬೀದರಿನ ಚೌಬಾರಾದ ಹಿಂದೆ ನಮ್ಮ ಗಲ್ಲಿ.
ನಳ ಬರುವುದು ಆರು ದಿನಕ್ಕೊಮ್ಮೆ,
ಬಂದರೆ.
ಕೊಡ ಸಾಲಿಗಿಟ್ಟು ಕಟ್ಟೆಯ ಮೇಲೆ ಕೂತು
ಆಕೆ ನನಗೆ ಪಾಠ ಹೇಳಿದಳು,
ಆರನೇ ಇಯತ್ತೆಗೆ ವ್ಯಾಕರಣ ಕಲಿಸುವ ನನಗೆ.

“ಹನ್ನೊಂದು ವರ್ಷ ಒಂದೇ ಅಡಿಗಿಮನಿ, ಟೀಚರಬಾಯಿ.
ನಾನು, ಮತ್ತ ಇಂಡೋನೇಷ್ಯಾದ ಸುಮಿಯಾತಿ.
ಆಕಿ ಊರು ಚಿಲಾಚಾಪ್, ಸಮುದ್ರದ ದಂಡಿ.
ಮೊದಲ ಕಲ್ತಿದ್ದು ಬ್ಯಾಡ ಅನ್ನೂದು:
ಜಾಂಗಾನ್!
ಕಾದ ತವಾಕ್ಕ ನನ್ನ ಕೈ ಹೋದಾಗ ಒದರಿದ್ಳು.”

ನಕ್ಕೋ, ಅಂದೆ ನಾನು ಆಪಾಳ ಭಾಷೆಯಲ್ಲಿ.
ವದ್ದು, ಎಂದಳು ಜಹೀರಾಬಾದಿನಿಂದ ಬಂದ ಸೊಸೆ.
ನಕೋ, ಎಂದಳು ಉದಗೀರದ ಮುದುಕಿ,
ಅನ್ನುತ್ತಲೇ ಯಾರದೋ ಕೊಡ ಹಿಂದೆ ಸರಿಸಿ
ತನ್ನದನ್ನು ಮುಂದಿಟ್ಟಳು.

“ಕೆಲಸಕ್ಕ, ಗುಣಕ್ಕ ಹಚ್ಚೂದು ತಿಡಾಕ್.
ತಿನ್ನೂದಿಲ್ಲ. ನಿದ್ದಿ ಮಾಡೂದಿಲ್ಲ. ಚಲೋ ಇಲ್ಲ.
ಹೆಸರಿಗಿ ಹಚ್ಚೂದು ಬುಕಾನ್.
ಇದು ಸಕ್ಕರಿ ಅಲ್ಲ. ಅವ ನಮ್ಮ ಅಣ್ಣ ಅಲ್ಲ.”
ಹಿಗ್ಗಿದೆ ನಾನು:
ಅಷ್ಟು ನೀರು ದಾಟಿದರೂ
ಇಲ್ಲಕ್ಕೊಂದು, ಅಲ್ಲಕ್ಕೊಂದು ಬೇರೆ ಬಾಗಿಲು!
“ನಮ್ದು ನಹೀಂ ಒಂದ,” ನಕ್ಕಳು ಆಪಾ,
“ಒಂದ ಚಾದರ, ಎಲ್ಲಾ ಹಾಸಿಗಿಗಿ.”

ಆಮೇಲೆ ನಗು ನಿಂತಿತು.
ಒಂದು ರಮ್ಜಾನಿನಲ್ಲಿ ಮಾಲಕಿಯ ಕಿವಿಯೋಲೆ ಕಳೆಯಿತು.
ಬುಕಾನ್ ಸಾಯಾ, ಬುಕಾನ್ ಸಾಯಾ,
ಅಂದಳಂತೆ ಸುಮಿಯಾತಿ; ಹೆದರಿದವರ ಬಾಯಿಗೆ
ಕಲಿತ ಅರಬಿ ಬರುವುದಿಲ್ಲ.
ನಾ ಅಲ್ಲ, ನಾ ಅಲ್ಲ.
ಮೂರು ದಿನ ಇಸ್ತ್ರಿ ಕೋಣೆಗೆ ಹೊರಗಿನಿಂದ ಚಿಲಕ.
ಓಲೆ ಸಿಕ್ಕಿದ್ದು ವಾಷಿಂಗ್ ಮಷೀನಿನ ಜಾಳಿಗೆಯಲ್ಲಿ,
ನೂಲಿನ ಕಸದ ಜೊತೆ.
ಯಾರೂ ಏನೂ ಅನ್ನಲಿಲ್ಲ.
ಆ ಅನ್ನಲಿಲ್ಲಕ್ಕೆ ಅವರಲ್ಲಿ ಯಾವ ಶಬ್ದವೋ,
ಆಪಾ ಹೇಳಲಿಲ್ಲ.

“ನಾಕನೇದ್ದು ನಿಮ್ಮಲ್ಲಿ ಇಲ್ಲ, ನಮ್ಮಲ್ಲೂ ಇಲ್ಲ.
ಬೆಲುಮ್. ಇನ್ನೂ ಇಲ್ಲ.
ಎರಡು ಮಾತಲ್ಲ, ಒಂದೇ ತುತ್ತು.
ಊಟಾಯ್ತಾ? ಬೆಲುಮ್.
ಶಾದಿ? ಬೆಲುಮ್.
ಐವತ್ತಮೂರರಾಕಿ, ತಲಿ ತುಂಬ ಮೆಹಂದಿ!
ತಿಡಾಕ್ ಅಂದ್ರ ಅಲ್ಲಾಹನ ಕೈ ಹಿಡದ್ಹಂಗ ಅಂತ.”

ಮರುದಿನ ಹಲಗೆಯ ಮೇಲೆ ಬರೆದೆ:
ಬಂದಿಲ್ಲ. ಬರುವುದಿಲ್ಲ. ಬಾರ.
ಮೂರನೆಯದು ಹಳೆಯ ರೂಪ, ಅದಕ್ಕೆ ಕಾಲವಿಲ್ಲ,
ನಿನ್ನೆಗೂ ಅದೇ, ನಾಳೆಗೂ ಅದೇ.
ಹಿಂದಿನ ಬೆಂಚಿನ ಮಡಿವಾಳಪ್ಪ ಎದ್ದ:
“ಬಂದಿಲ್ಲ ಅಂದ್ರ ಇನ್ನಾ ಬರಬಹುದಲ್ರಿ?”
ಇಪ್ಪತ್ತು ವರ್ಷ ಅದೇ ಪುಟ ಕಲಿಸಿದ್ದೆ.
ನಮ್ಮಲ್ಲೂ ಇತ್ತು, ಬಾಲ ಮಡಚಿ ಕೂತಿತ್ತು.

ಈಗ ಗಲ್ಲಿಯಲ್ಲಿ ಎಲ್ಲರ ಬಾಯಲ್ಲೂ ಅದು.
ನೀರು ಬಂತೇನ? ಬೆಲುಮ್.
ಪಿಂಚಣಿ? ಬೆಲುಮ್.
ಉದಗೀರದ ಮುದುಕಿ ಹೋದಳೇನು?
ತಾನೇ ಕಿಟಕಿಯಿಂದ ಇಣುಕಿ, ಬೆಲುಮ್!

ನನಗೆ ನಲವತ್ತಾರು.
ಕುಬುಸದ ಮನೆಗಳಲ್ಲಿ ಕೇಳುತ್ತಾರೆ, ಮಕ್ಕಳು?
ಆಪಾ ಮೊಣಕೈಯಿಂದ ತಿವಿಯುತ್ತಾಳೆ, ಅದನ್ನ ಹೇಳು.
ನಾನು ಇಲ್ಲ ಅನ್ನುತ್ತೇನೆ.
ಬೆಲ್ಲ ಕೊಟ್ಟು ಸಂತೈಸಬೇಡಿ ನನ್ನ ಇಲ್ಲವನ್ನು.
ಅದು ಅರ್ಧ ತೆರೆದ ಬಾಗಿಲಲ್ಲ,
ಒಳಗೆ ದೀಪ ಹಚ್ಚಿಕೊಂಡು
ನಾನೇ ಹಾಕಿದ ಅಗಳಿ.
ಬುಕಾನ್ ಬೆಲುಮ್, ಆಪಾ.
ತಪ್ಪಿದ್ದರೆ ಸುಮಿಯಾತಿಯನ್ನು ಕೇಳು.

ಆಪಾ ಫೋನು ತೆಗೆದಳು.
ಚಿಲಾಚಾಪಿನಲ್ಲಿ ರಿಂಗಾಗುತ್ತಿತ್ತು, ಆಗುತ್ತಲೇ ಇತ್ತು.
ಅಷ್ಟರಲ್ಲಿ ನಳ ಕೆಮ್ಮಿತು.
ಗಾಳಿ. ಬರೀ ಗಾಳಿ.
ಯಾರೂ ಕೊಡ ಎತ್ತಿಕೊಂಡು ಹೋಗಲಿಲ್ಲ.